ಹೃದಯಾಘಾತವಾದ ಮೇಲೆ ಕೊಟ್ಟಿಗೆಗೆ ಹೋಗಬಹುದೇ?

ಕೆಚ್ಚಲು ಬಾವು ಎಂದು ಕರೆ ಬಂದ ಮನೆಯೊಂದಕ್ಕೆ ಹೋಗಿದ್ದೆ. ಐವತ್ತು ದಾಟಿದ ಮನೆಯೊಡತಿ ಜಗಲಿಯ ಮೇಲೆ ಸುಮ್ಮನೆ ಕೂತಿದ್ದರು. ಮೂರು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರು. ಅಂದಿನಿಂದ ಮನೆಯವರು ಒಂದು ಬಿಂದಿಗೆ ಎತ್ತಲೂ ಬಿಟ್ಟಿಲ್ಲ. ಎರಡು ಹಸು ಮಾರಿಯಾಗಿತ್ತು, ಮೂರನೆಯದಕ್ಕೆ ವ್ಯಾಪಾರ ನಡೆದಿತ್ತು. "ಡಾಕ್ಟ್ರೇ, ಡೇರಿ ದುಡ್ಡು ನನ್ನ ಖಾತೆಗೆ ಬರ್ತಿತ್ತು. ಇನ್ನು ಹಿಂಗೇ ಕೂತಿರಬೇಕಾ?" ಎಂದರು.

ನಾನು ದನದ ಡಾಕ್ಟರು. ಯಾರಿಗೆ ಎಷ್ಟು ಕೆಲಸ ಎಂದು ಹೇಳಬೇಕಾದವರು ಅವರವರ ಹೃದಯದ ಡಾಕ್ಟರೇ. ಆದರೆ ಕರು ಹಾಕಿದ ಮೇಲೆ ನೆಲ ಹಿಡಿದ ಹಸುವನ್ನು ಮಗ್ಗುಲು ಬದಲಿಸಿ, ಎಬ್ಬಿಸಲು ನೋಡಿ ಎಂದು ನಿಮಗೆ ನಾವು ಏಕೆ ಹೇಳುತ್ತೇವೆ? ಮಲಗಿದಲ್ಲೇ ಇದ್ದರೆ ಮಾಂಸಖಂಡ ಸಾಯುತ್ತದೆ. ಮನುಷ್ಯರಿಗೂ ಹಿಂದೆ ಹೃದಯಾಘಾತವಾದರೆ ವಾರಗಟ್ಟಲೆ ಹಾಸಿಗೆ ಬಿಡಬಾರದು ಎನ್ನುತ್ತಿದ್ದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ನಿಶ್ಶಕ್ತಿ ಇವೇ ಹೆಚ್ಚಾದವು. 1950ರ ದಶಕದಲ್ಲಿ ಅಮೆರಿಕದ ಡಾಕ್ಟರ್ ಸ್ಯಾಮ್ಯುಯೆಲ್ ಲೆವಿನ್ ರೋಗಿಗಳನ್ನು ಬೇಗನೆ ಕುರ್ಚಿಯ ಮೇಲೆ ಕೂರಿಸಿದಾಗ ಅನೇಕರು ಹೌಹಾರಿದ್ದರು. ಈಗ ಆಸ್ಪತ್ರೆಯಲ್ಲೇ ನಡೆಸುತ್ತಾರೆ.

ಸ್ವೀಡನ್‌ನಲ್ಲಿ ಹೃದಯಾಘಾತವಾದ ಸುಮಾರು 22 ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಮೊದಲ ವರ್ಷವಿಡೀ ಮೈ ದಣಿಸಿಕೊಂಡೇ ಇದ್ದವರಲ್ಲಿ, ಕೂತೇ ಉಳಿದವರಿಗೆ ಹೋಲಿಸಿದರೆ, ಸಾವಿನ ಸಂಭವ ಅರ್ಧಕ್ಕಿಂತ ಕಡಿಮೆ ಇತ್ತು. ಮೊದಲು ಕೂತಿದ್ದು ಆಮೇಲೆ ಚಟುವಟಿಕೆ ಶುರು ಮಾಡಿದವರಲ್ಲೂ ಸಾವು ಕಡಿಮೆಯೇ. ಗಟ್ಟಿಮುಟ್ಟಾಗಿದ್ದವರೇ ಹೆಚ್ಚು ನಡೆದಿರಬಹುದು ಎಂಬ ಮಾತೂ ಇದೆ, ಅದನ್ನೂ ಮರೆಯಬಾರದು. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಸುಮಾರು 4 ಸಾವಿರ ರೋಗಿಗಳ ಮೇಲೆ ಯೋಗದ ಪರೀಕ್ಷೆ ನಡೆಯಿತು. ಯೋಗ ಕಲಿತವರು ಹಳೆಯ ಕೆಲಸಗಳಿಗೆ ಚೆನ್ನಾಗಿ ಮರಳಿದರು. ಆದರೆ ಮತ್ತೆ ಹೃದಯಾಘಾತ ಆಗುವುದು ಅದರಿಂದ ಕಡಿಮೆಯಾಯಿತು ಎಂದು ಖಚಿತವಾಗಲಿಲ್ಲ. ಆದ್ದರಿಂದ ಯೋಗ ಮಾಡುತ್ತೇನೆಂದು ಮಾತ್ರೆ ಬಿಡಬೇಡಿ. ಸ್ಟೆಂಟ್ ಹಾಕಿದವರು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ಸ್ಟೆಂಟೇ ಕಟ್ಟಿಕೊಳ್ಳಬಹುದು.

ಇನ್ನು ನಮ್ಮ ಕೆಲಸದ ವಿಚಾರ. ಡಾಕ್ಟರು ಒಪ್ಪಿದ ಮೇಲೆ ಮಟ್ಟಸ ದಾರಿಯಲ್ಲಿ ಐದು ಹತ್ತು ನಿಮಿಷದ ನಡಿಗೆಯಿಂದ ಶುರು ಮಾಡಿ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ನಡೆಯುತ್ತಾ ಜೊತೆಯವರ ಹತ್ತಿರ ಮಾತಾಡಲು ಆಗಬೇಕು. ಮಾತು ತುಂಡಾಗುವಷ್ಟು ಉಬ್ಬಸ ಬಂದರೆ ವೇಗ ಹೆಚ್ಚಾಯಿತು ಎಂದರ್ಥ. ಊಟವಾದ ಕೂಡಲೇ, ಸುಡುಬಿಸಿಲಲ್ಲಿ ಬೇಡ. "ದಿನವಿಡೀ ದುಡಿಯೋಳಿಗೆ ವಾಕಿಂಗ್ ಯಾಕೆ" ಎಂದು ನಗುವವರಿದ್ದಾರೆ. ಬಗ್ಗುವುದು, ಏಳುವುದು, ನಿಲ್ಲುವುದು ಬೇರೆ. ಒಂದೇ ಹದದಲ್ಲಿ ಅರ್ಧ ಗಂಟೆ ನಡೆಯುವುದು ಬೇರೆ. ಡೇರಿ ಒಂದಿಷ್ಟು ದೂರವಿದ್ದರೆ ಹಾಲು ಹಾಕಲು ನಡೆದೇ ಹೋಗಿ, ಕ್ಯಾನನ್ನು ಮಾತ್ರ ಬೇರೆಯವರು ತರಲಿ.

ಹಿಂಡಿ ನೆನೆಸುವುದು, ಕರುವಿಗೆ ಹಾಲು ಕುಡಿಸುವುದು ಬೇಗ ಶುರುವಾಗಬಹುದು. ಹುಲ್ಲಿನ ಹೊರೆ, ಬೂಸಾ ಮೂಟೆ, ತುಂಬಿದ ಕ್ಯಾನು, ಕೈಯಲ್ಲಿ ತಿರುಗಿಸುವ ಮೇವಿನ ಯಂತ್ರ ತಡವಾಗಿ, ಕೇಳಿಯೇ. ಭಾರ ಎತ್ತುವಾಗ ಉಸಿರು ಬಿಗಿಹಿಡಿಯುತ್ತೇವಲ್ಲ, ಆಗ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಗಾಯವಾದ ಹೃದಯ ಗಟ್ಟಿಯಾಗಲು ಕೆಲವು ವಾರ ಬೇಕು. ಹಗ್ಗ ಜಗ್ಗುವ ಹಸುವನ್ನಂತೂ ಹಿಡಿಯಬೇಡಿ. ನಾವು ಚುಚ್ಚುಮದ್ದು ಹಾಕಲು ಬಂದಾಗಲೂ ಹೇಳಿ, ಬೇರೆಯವರನ್ನು ಕರೆಯುತ್ತೇವೆ.

ಕೆಲಸದ ನಡುವೆ ಎದೆ ಬಿಗಿತ, ದವಡೆ ಅಥವಾ ಬೆನ್ನು ನೋವು, ತಣ್ಣನೆ ಬೆವರು, ವಾಕರಿಕೆ, ತಲೆಸುತ್ತು ಬಂದರೆ ಅಲ್ಲೇ ಕೂತುಬಿಡಿ. ಹೆಂಗಸರಲ್ಲಿ ಎದೆನೋವಿಲ್ಲದೆ ಬರೀ ಸುಸ್ತು, ಉಬ್ಬಸವೂ ಇರಬಹುದು. ಗ್ಯಾಸ್ ಎಂದು ಸೋಡಾ ಕುಡಿದು ಕರೆಯುವುದನ್ನು ಮುಗಿಸಲು ಹೋಗಬೇಡಿ. ಹಾಲು ಉಳಿದರೆ ಉಳಿಯಲಿ, 108ಕ್ಕೆ ಫೋನ್ ಮಾಡಿಸಿ.

ಜಗಲಿಯ ಆ ತಾಯಿ ಮುಂದಿನ ತಪಾಸಣೆಗೆ ಮಗನನ್ನೂ ಕರೆದುಕೊಂಡು ಹೋಗಿ, ಅವನೆದುರೇ ಡಾಕ್ಟರನ್ನು ಕೇಳಿದರಂತೆ. ಮೂರನೆಯ ಹಸು ಉಳಿದಿದೆ. ಕರೆಯುವುದು ಸೊಸೆ, ಸಂಜೆ ಡೇರಿಗೆ ಪಾಸ್‌ಬುಕ್ ಹಿಡಿದು ನಡೆಯುವುದು ಅತ್ತೆ.