ಹನ್ನೊಂದು ಎಕರೆಯ ಪಾಠ: ಅರಸರ ಆಜ್ಞೆ ಮತ್ತು ಮಗಳ ಪಾಲು

ಬೋಧನಾ ಅಭ್ಯಾಸದ ಅವಧಿಯಲ್ಲಿ ಟಿನ್ ಫ್ಯಾಕ್ಟರಿ ಬಳಿಯ ಶಾಲೆಯೊಂದರಲ್ಲಿ ನಾನು ಎಂಟನೆಯ ತರಗತಿಗೆ ಕಲ್ಯಾಣದ ಚಾಲುಕ್ಯರ ಪಾಠ ಮಾಡುತ್ತಿದ್ದೆ. 'ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರ ಗ್ರಂಥವನ್ನು ರಚಿಸಿದನು' ಎಂದು ಹಲಗೆಯ ಮೇಲೆ ಬರೆದು ಮುಂದೆ ಸಾಗಿದೆ. "ಅದರಲ್ಲಿ ಏನಿದೆ ಮಿಸ್?" ಎಂದು ಒಬ್ಬ ಹುಡುಗಿ ಕೇಳಿದಳು. "ಆಸ್ತಿ ಯಾರಿಗೆ ಸೇರಬೇಕು ಅಂತ ರಾಜ ಮಾಡಿದ ಕಾನೂನು" ಎಂದೆ. "ಹೆಣ್ಣುಮಕ್ಕಳಿಗೂ ಸೇರ್ತಿತ್ತಾ?" ಎಂದಳು. ನನ್ನ ಪಾಠಯೋಜನೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಆ ಸಂಜೆ ಓದಿದಾಗ ಮೊದಲು ಕಂಡದ್ದು ನನ್ನದೇ ತಪ್ಪು. ಮಿತಾಕ್ಷರವು ರಾಜಾಜ್ಞೆಯಲ್ಲ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಅದರ ಪ್ರಕಾರ ಕೂಡುಕುಟುಂಬದ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಭಾಗವಾಗಿ ಬೇರೆಯಾದವನು ಗಂಡುಸಂತಾನವಿಲ್ಲದೆ ತೀರಿಕೊಂಡರೆ ಆಸ್ತಿ ಹೆಂಡತಿಗೆ, ಅವಳಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಸೇರುತ್ತದೆ. ತಂದೆ ತೀರಿದ ಮೇಲೆ ಅಣ್ಣತಮ್ಮಂದಿರು ಭಾಗವಾಗುವಾಗ ಮದುವೆಯಾಗದ ಸೋದರಿಗೆ ಕಾಲು ಪಾಲು ಉಂಟೆಂದು ಸ್ಮೃತಿ ಹೇಳುತ್ತದೆ. ಅದು ಬರೀ ಮದುವೆಯ ಖರ್ಚಲ್ಲ, ನಿಜವಾದ ಪಾಲು ಎಂಬುದು ವಿಜ್ಞಾನೇಶ್ವರನ ವಾದ. ಆದರೆ ಮುಂದೆ ಆಚರಣೆಯಲ್ಲಿ ಅದು ಮದುವೆಯ ಖರ್ಚಿಗೇ ಇಳಿಯಿತು.

ಆ ಕಾಲು ಪಾಲು ನಮ್ಮ ನಾಡಿನಲ್ಲಿ ಕಾಯಿದೆಯ ರೂಪ ಪಡೆದದ್ದು 1933ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ. ಮೈಸೂರು ಸಂಸ್ಥಾನದ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ ಅಂದು ಜಾರಿಗೆ ಬಂತು. ಅದರಂತೆ ಸೋದರರು ಭಾಗವಾಗುವಾಗ ತಾಯಿಗೆ ಒಬ್ಬ ಮಗನ ಪಾಲಿನ ಅರ್ಧ, ಮದುವೆಯಾಗದ ಸೋದರಿಗೆ ಒಬ್ಬ ಸೋದರನ ಪಾಲಿನ ಕಾಲು ಭಾಗ. ಸ್ವತಂತ್ರ ಭಾರತದ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದದ್ದು 1956ರಲ್ಲಿ. ಮೈಸೂರು ಅದಕ್ಕಿಂತ 23 ವರ್ಷ ಮುಂದಿತ್ತು.

ಮರುದಿನ ಹಲಗೆಯ ಮೇಲೆ ಒಂದು ಕಾಲ್ಪನಿಕ ಮನೆಯ ವಂಶವೃಕ್ಷ ಬರೆದೆ: ತೀರಿಕೊಂಡ ತಂದೆ, ತಾಯಿ, ಇಬ್ಬರು ಗಂಡುಮಕ್ಕಳು, ಮದುವೆಯಾಗದ ಒಬ್ಬಳು ಮಗಳು, ಜಮೀನು 11 ಎಕರೆ. ಮಕ್ಕಳೇ ಲೆಕ್ಕ ಹಾಕಿದರು. ಗಂಡುಮಕ್ಕಳಿಗೆ ತಲಾ 4 ಎಕರೆ, ತಾಯಿಗೆ 2, ಮಗಳಿಗೆ 1. "ಮಗಳಿಗೆ ಮದುವೆ ಆಗಿದ್ರೆ?" ಎಂಬ ಪ್ರಶ್ನೆ ಬಂತು. ಸೊನ್ನೆ ಎಂದು ಬರೆದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು.

ಆಮೇಲೆ ಬೆಂಗಳೂರಿನ ನಕ್ಷೆ ತೋರಿಸಿದೆ. ಮಹಾರಾಜರ ಕಾಯಿದೆ ಕೃಷ್ಣರಾಜಪುರಕ್ಕೆ ಅನ್ವಯಿಸುತ್ತಿತ್ತು, ಅದು ಮೈಸೂರಿನ ನೆಲ. ಹಲಸೂರು ಬ್ರಿಟಿಷರ ಆಡಳಿತದ ದಂಡುಪ್ರದೇಶಕ್ಕೆ ಸೇರಿತ್ತು; ಮೈಸೂರಿನ ಕಾಯಿದೆ ಅಲ್ಲಿ ನಡೆಯುತ್ತಿರಲಿಲ್ಲ. ದಂಡುಪ್ರದೇಶ ಮೈಸೂರಿಗೆ ಮರಳಿದ್ದು 1947ರಲ್ಲಿ. ಈಗ ಒಂದೇ ಬಸ್ಸಿನಲ್ಲಿ ದಾಟುವ ದಾರಿಯ ಎರಡು ತುದಿಗಳಲ್ಲಿ ಹೆಣ್ಣುಮಗಳ ಹಕ್ಕು ಅಂದು ಬೇರೆ ಬೇರೆಯಾಗಿತ್ತು.

ಹೋಲಿಕೆಗೆ ಮಧ್ಯಯುಗದ ಇಂಗ್ಲೆಂಡನ್ನು ತೆಗೆದುಕೊಂಡೆ. ಅರಸನಿಂದ ನೇರವಾಗಿ ಭೂಮಿ ಪಡೆದವನು ತೀರಿಕೊಂಡರೆ ಅರಸನ ಆಜ್ಞಾಪತ್ರ ಅಧಿಕಾರಿಗೆ ಹೋಗುತ್ತಿತ್ತು. ಅವನು ಸ್ಥಳೀಯರನ್ನು ಕರೆಸಿ ಪ್ರಮಾಣ ಮಾಡಿಸಿ ಕೇಳುತ್ತಿದ್ದ: ಯಾವ ಭೂಮಿ ಇತ್ತು, ಅದರ ವಾರ್ಷಿಕ ಉತ್ಪತ್ತಿ ಎಷ್ಟು, ಅವನು ಸತ್ತದ್ದೆಂದು, ಹತ್ತಿರದ ವಾರಸುದಾರ ಯಾರು, ವಯಸ್ಸೆಷ್ಟು? ಸಾಮಾನ್ಯವಾಗಿ ಹಿರಿಯ ಮಗನೇ ವಾರಸುದಾರ. ಗಂಡುಮಕ್ಕಳಿಲ್ಲದಿದ್ದರೆ ಮಾತ್ರ ಹೆಣ್ಣುಮಕ್ಕಳು ಸಮನಾಗಿ ಹಂಚಿಕೊಳ್ಳುತ್ತಿದ್ದರು. ವಿಧವೆಗೆ ಬದುಕಿರುವವರೆಗೆ ಮೂರನೆಯ ಒಂದು ಭಾಗ. ವಾರಸುದಾರನಿಂದ ಅರಸ ಮನಬಂದಷ್ಟು ಕಾಣಿಕೆ ಕೀಳಬಾರದೆಂದು 1215ರ ಮ್ಯಾಗ್ನಾ ಕಾರ್ಟಾ ಮಿತಿ ಹಾಕಿತು.

"ಇದು ನಮ್ಮ ಪೌತಿ ಖಾತೆ ತರಹ ಇದೆ ಮಿಸ್" ಎಂದ ಒಬ್ಬ ಹುಡುಗ. ಊರಿನಲ್ಲಿ ಅಜ್ಜ ತೀರಿಕೊಂಡಾಗ ಮನೆಯಲ್ಲಿ ಆ ಮಾತು ಕೇಳಿದ್ದನಂತೆ. ಅವನು ಹೇಳಿದ್ದು ಸರಿ. ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರು ವಂಶವೃಕ್ಷದೊಂದಿಗೆ ಅರ್ಜಿ ಕೊಡುತ್ತಾರೆ, ಕಂದಾಯ ಸಿಬ್ಬಂದಿ ವಿಚಾರಣೆ ಮಾಡುತ್ತಾರೆ, ತಕರಾರಿದ್ದರೆ ಹೇಳಲು ನೋಟೀಸು ಹೊರಡುತ್ತದೆ, ಬಳಿಕ ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಅಂದೂ ಇಂದೂ ಪ್ರಶ್ನೆ ಒಂದೇ: ವಾರಸುದಾರರು ಯಾರು?

ಉತ್ತರ ಮಾತ್ರ ಬದಲಾಗಿದೆ. 1994ರಲ್ಲಿ ಕರ್ನಾಟಕದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯ ಆ ಅಡ್ಡಿಯನ್ನು ತೆಗೆಯಿತು. ಅದೇ 11 ಎಕರೆ ತಂದೆಯ ಸ್ವಯಾರ್ಜಿತವಾಗಿದ್ದು ಉಯಿಲು ಇಲ್ಲದಿದ್ದರೆ, ಇಂದು ತಾಯಿ ಮತ್ತು ಮೂವರು ಮಕ್ಕಳಿಗೆ ತಲಾ 2 ಎಕರೆ 30 ಗುಂಟೆ.

ಕೊನೆಗೆ ವಂಶವೃಕ್ಷದಿಂದ ಮಗಳ ಹೆಸರನ್ನು ಅಳಿಸಿ, "ಈಗ ಅವಳಿಗೆ ಎಷ್ಟು?" ಎಂದೆ. "ಹಕ್ಕು ಇದೆ, ಆದ್ರೆ ಅವಳು ಇರೋದೇ ಆಫೀಸಿಗೆ ಗೊತ್ತಾಗಲ್ಲ" ಎಂದಳು ಮೊದಲ ದಿನ ಪ್ರಶ್ನೆ ಕೇಳಿದ್ದ ಹುಡುಗಿ. ಈ ಪಾಠದ ಕಲಿಕಾಂಶವನ್ನು ನಾನು ಇದಕ್ಕಿಂತ ಚೆನ್ನಾಗಿ ಬರೆಯಲಾರೆ. ಹೆಸರು ಬಿಟ್ಟರೆ ಹಕ್ಕು ಸಾಯುವುದಿಲ್ಲ, ಆದರೆ ಅದನ್ನು ಪಡೆಯಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ.

ಈ ಪಾಠ ಮಾಡುವ ಸಹಪಾಠಿಗಳಿಗೆ ಒಂದು ಮಾತು: ಮಕ್ಕಳಿಂದ ಅವರ ಮನೆಯ ವಂಶವೃಕ್ಷ ಬರೆಸಬೇಡಿ. ಜಮೀನೇ ಇಲ್ಲದ ಮನೆಯಿಂದಲೂ, ಪಾಲಿನ ಜಗಳ ನಡೆದಿರುವ ಮನೆಯಿಂದಲೂ ಬಂದ ಮಕ್ಕಳು ತರಗತಿಯಲ್ಲಿರುತ್ತಾರೆ. ಕಾಲ್ಪನಿಕ ಮನೆಯೊಂದು ಸಾಕು. ಅದರಲ್ಲಿ ಒಬ್ಬಳು ಮಗಳಿರಲಿ, ಅವಳ ಹೆಸರನ್ನು ಹಲಗೆಯ ಮೇಲೆ ಮಕ್ಕಳೇ ಬರೆಯಲಿ.