ಬೇಡವಾದವರ ಟೀಮು

ನಿಮ್ಮ ಆಫೀಸಿನಲ್ಲಿ ಒಂದು ಪಟ್ಟಿ ಬರುತ್ತೆ ಅಂದ್ಕೊಳ್ಳಿ. ‘ಈ 11 ಜನ ನಮಗೆ ಬೇಕೇ ಬೇಕು. ಉಳಿದವರಲ್ಲಿ ಯಾರನ್ನ ಬೇಕಾದ್ರೂ ಕರ್ಕೊಂಡು ಹೋಗಿ.’ ಆ 11ರಲ್ಲಿ ನಿಮ್ಮ ಹೆಸರಿಲ್ಲ. ಮರುದಿನ ಯಾವ ಮುಖ ಇಟ್ಕೊಂಡು ಕೆಲಸಕ್ಕೆ ಹೋಗ್ತೀರಿ?

2017ರ ಜೂನ್‌ನಲ್ಲಿ ಎನ್‌ಎಚ್‌ಎಲ್‌ನಲ್ಲಿ, ಅಂದ್ರೆ ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್‌ನಲ್ಲಿ ಆಗಿದ್ದು ಇದೇ. ಮರುಭೂಮಿಯ ಊರು ಲಾಸ್ ವೇಗಸ್‌ಗೆ ಹೊಸ ಟೀಮ್ ಬಂತು. ಹೆಸರು ಗೋಲ್ಡನ್ ನೈಟ್ಸ್. ಆಟಗಾರರು ಎಲ್ಲಿಂದ ಬರಬೇಕು? ಹಳೇ 30 ಟೀಮ್‌ಗಳೂ ತಲಾ ಒಬ್ಬನನ್ನ ಕೊಡಬೇಕು. ಆದರೆ ಅದಕ್ಕೂ ಮೊದಲು ತಮಗೆ ಬೇಕಾದವರನ್ನ ಬಚ್ಚಿಟ್ಟುಕೊಳ್ಳಬಹುದು. ನಮ್ಮ ಐಪಿಎಲ್ ರಿಟೆನ್ಷನ್ ಇದ್ದ ಹಾಗೆ. ಹೆಚ್ಚೆಂದರೆ 11 ಜನ, ಅದರಲ್ಲಿ ಗೋಲ್‌ಕೀಪರ್ ಒಬ್ಬನೇ.

ಈ ‘ಒಬ್ಬನೇ’ ಅನ್ನೋದನ್ನ ಗಮನಿಸಿ. ಪಿಟ್ಸ್‌ಬರ್ಗ್ ಹತ್ತಿರ ಇಬ್ಬರು ಒಳ್ಳೇ ಕೀಪರ್‌ಗಳಿದ್ದರು. ಕಿರಿಯನನ್ನ ಉಳಿಸಿಕೊಂಡರು. ಮೂರು ಸಲ ಕಪ್ ಗೆದ್ದಿದ್ದ ಮಾರ್ಕ್-ಆಂದ್ರೆ ಫ್ಲೂರಿ ವೇಗಸ್‌ಗೆ ಬಂದ. ಹಿಂದಿನ ಸೀಸನ್‌ನಲ್ಲಿ 30 ಗೋಲ್ ಹೊಡೆದಿದ್ದ ಜೊನಾಥನ್ ಮಾರ್ಷಸೋನನ್ನ ಫ್ಲೋರಿಡಾ ಪಟ್ಟಿಯಿಂದ ಹೊರಗಿಟ್ಟಿತು. ಕೋಚ್ ಜೆರಾರ್ಡ್ ಗ್ಯಾಲಂಟ್ ಕೂಡ ಅದೇ ಫ್ಲೋರಿಡಾ ಕೆಲಸದಿಂದ ತೆಗೆದ ಮನುಷ್ಯ. ಆ ರಾತ್ರಿ ಬ್ಯಾಗ್ ಸಮೇತ ಟ್ಯಾಕ್ಸಿ ಹತ್ತಿ ಹೋದ ಅವನ ಫೋಟೊ ಎಲ್ಲ ಕಡೆ ಓಡಾಡಿತ್ತು.

ಸೀಸನ್ ಶುರುವಾಗೋಕೆ ಇನ್ನೇನು ದಿನಗಳಿದ್ದವು. ಅಕ್ಟೋಬರ್ 1ರ ರಾತ್ರಿ ಲಾಸ್ ವೇಗಸ್‌ನ ಸಂಗೀತ ಕಾರ್ಯಕ್ರಮವೊಂದರ ಮೇಲೆ ಒಬ್ಬ ಹೋಟೆಲ್ ಕಿಟಕಿಯಿಂದ ಗುಂಡಿನ ಮಳೆಗರೆದ. ಆಗ ಲೆಕ್ಕಕ್ಕೆ ಸಿಕ್ಕ ಸಾವು 58. ಒಂಬತ್ತು ದಿನಗಳ ನಂತರ ತವರಿನ ಮೊದಲ ಮ್ಯಾಚ್. 58 ಸೆಕೆಂಡ್ ಮೌನ. ಆ ಊರಿನಲ್ಲೇ ಮನೆ ಮಾಡಿಕೊಂಡಿದ್ದ ಡೆರಿಕ್ ಎಂಗೆಲ್ಯಾಂಡ್ ಮೈಕ್ ಹಿಡಿದು ನಾಲ್ಕು ಮಾತಾಡಿದ. ಆಮೇಲೆ ಅವನೂ ಒಂದು ಗೋಲ್ ಹೊಡೆದ. 5-2ರ ಗೆಲುವು. ಅವತ್ತಿಂದ ಅದು ಊರಿನ ಟೀಮ್ ಆಗಿಬಿಡ್ತು. ಮುಂದೆ ಆ 58ನೇ ನಂಬರಿನ ಜೆರ್ಸಿಯನ್ನ ಯಾರಿಗೂ ಕೊಡೋದಿಲ್ಲ ಅಂತ ತೀರ್ಮಾನ ಮಾಡಿದರು.

ಮತ್ತೆ ಗೆದ್ದರು, ಗೆಲ್ತಾನೇ ಹೋದರು. ಫ್ಲೂರಿ ಮೊದಲ ತಿಂಗಳಲ್ಲೇ ಗಾಯಗೊಂಡ. ಒಂದೇ ಸೀಸನ್‌ನಲ್ಲಿ ಐವರು ಕೀಪರ್‌ಗಳನ್ನ ಇಳಿಸಬೇಕಾಯ್ತು. ಆದರೂ 82 ಮ್ಯಾಚ್‌ನಲ್ಲಿ 51 ಗೆಲುವು. ಗೆದ್ದರೆ 2 ಅಂಕ, ಹೆಚ್ಚುವರಿ ಸಮಯದಲ್ಲಿ ಸೋತರೆ 1. ಅಂಥ ಸೋಲು 7. ಒಟ್ಟು 109 ಅಂಕ, ಡಿವಿಷನ್‌ನಲ್ಲಿ ಮೊದಲ ಸ್ಥಾನ.

ನಾವು ಚಾನೆಲ್‌ನವರು ಇದಕ್ಕೆ ‘ಪವಾಡ’ ಅಂತ ಹೆಡ್‌ಲೈನ್ ಹಾಕಿಬಿಡ್ತೀವಿ. ನನ್ನೊಳಗಿನ ಎಂಜಿನಿಯರ್ ಒಪ್ಪಲ್ಲ. ವೇಗಸ್ ಮಾಲೀಕರು ಲೀಗ್‌ಗೆ ಕಟ್ಟಿದ್ದು 50 ಕೋಟಿ ಡಾಲರ್. 2000ದಲ್ಲಿ ಬಂದ ಹೊಸ ಟೀಮ್‌ಗಳು ಕಟ್ಟಿದ್ದು ತಲಾ 8 ಕೋಟಿ. ಆಗ ಹಳೇ ಟೀಮ್‌ಗಳು 15 ಜನರ ತನಕ ಬಚ್ಚಿಡಬಹುದಿತ್ತು. ಈಗ 11. ದುಡ್ಡು ಜಾಸ್ತಿ ಆಯ್ತು, ನಿಯಮ ಸಡಿಲ ಆಯ್ತು.

ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ಐಸ್ ಹಾಕಿಯಲ್ಲಿ ಮುಂದೆ ಆಡುವವರು ಮೂರು ಮೂರು ಜನರ ನಾಲ್ಕು ಗುಂಪು. ಒಂದು ಗುಂಪು ಮುಕ್ಕಾಲು ನಿಮಿಷ ಆಡಿ ಬೆಂಚಿಗೆ ಬರುತ್ತೆ, ಇನ್ನೊಂದು ಇಳಿಯುತ್ತೆ. ಕೆಳಗಿನ ಗುಂಪಿನವನಿಗೆ ಸಿಗೋ ಸಮಯವೇ ಕಡಿಮೆ. ವಿಲಿಯಂ ಕಾರ್ಲ್‌ಸನ್ ಕೊಲಂಬಸ್‌ನಲ್ಲಿ ಇಡೀ ಸೀಸನ್‌ಗೆ ಹೊಡೆದಿದ್ದು 6 ಗೋಲ್. ‘ಇವನನ್ನ ತಗೊಳ್ಳಿ, ಬೇರೆಯವರನ್ನ ಮುಟ್ಟಬೇಡಿ’ ಅಂತ ಮೇಲಿಂದ ಒಂದಿಷ್ಟು ಕೊಟ್ಟು ಕಳಿಸಿದರು! ವೇಗಸ್ ಅವನನ್ನ ಮೊದಲ ಗುಂಪಿನಲ್ಲಿ ಆಡಿಸಿತು. 43 ಗೋಲ್. ಮನುಷ್ಯ ಅವನೇ. ಕೂರಿಸಿದ ಜಾಗ ಬೇರೆ.

ಫೈನಲ್‌ವರೆಗೂ ಹೋದರು. ಎದುರಿಗೆ ವಾಷಿಂಗ್ಟನ್. ಮೊದಲ ಮ್ಯಾಚ್ ಗೆದ್ದು ಮುಂದಿನ ನಾಲ್ಕೂ ಸೋತರು. ವೇಗಸ್ ಟೀಮ್ ಕಟ್ಟಿದ ಜಾರ್ಜ್ ಮೆಕ್‌ಫೀ, 17 ವರ್ಷ ದುಡಿದ ಮೇಲೆ ವಾಷಿಂಗ್ಟನ್‌ಗೇ ಬೇಡವಾದವನು. ತಾನೇ ಆರಿಸಿ ತಂದಿದ್ದ ಒವೆಚ್ಕಿನ್ ಕಪ್ ಎತ್ತೋದನ್ನ ಎದುರು ಪಾಳಯದಲ್ಲಿ ನಿಂತು ನೋಡಿದ.

ಬೇಡವಾದವರ ಟೀಮ್ ಅಂತ ಅದೇನೂ ಧರ್ಮಛತ್ರ ಅಲ್ಲ. ಮುಂದೆ ಗ್ಯಾಲಂಟ್‌ನನ್ನೂ ತೆಗೆಯಿತು, ಫ್ಲೂರಿಯನ್ನೂ ಕಳಿಸಿತು. ಆದರೆ 2023ರಲ್ಲಿ ಕಪ್ ಗೆದ್ದಾಗ ಫೈನಲ್‌ನಲ್ಲಿ ಸೋತಿದ್ದು ಯಾರು ಗೊತ್ತಾ? ಫ್ಲೋರಿಡಾ. ಪ್ಲೇಆಫ್‌ನ ಶ್ರೇಷ್ಠ ಆಟಗಾರ? ಮಾರ್ಷಸೋ.

ಎಂಜಿನಿಯರಿಂಗ್ ಕೊನೇ ವರ್ಷ ನಮ್ಮ ಕಾಲೇಜಿನ ನೋಟಿಸ್ ಬೋರ್ಡಿಗೆ ಕ್ಯಾಂಪಸ್ ಸೆಲೆಕ್ಷನ್ ಪಟ್ಟಿ ಅಂಟಿಸಿದರು. ಮೂರು ಸಲ ಓದಿದೆ. ನನ್ನ ಹೆಸರಿರಲಿಲ್ಲ. ಅಪ್ಪನಿಗೆ ಫೋನ್ ಮಾಡೋಕೆ ಎರಡು ದಿನ ಬೇಕಾಯ್ತು. ಪಟ್ಟಿ ಮಾಡಿದವರು ದಡ್ಡರಲ್ಲ. ಅವರ ಟೀಮ್‌ಗೆ ಏನು ಬೇಕು ಅನ್ನೋದನ್ನ ಬರೆದಿದ್ದರು, ಅಷ್ಟೇ. ನಾನು ಅದನ್ನ ನನ್ನ ಬೆಲೆ ಅಂತ ಓದಿಕೊಂಡೆ.

ನಿಮ್ಮ ಮನೆಯಲ್ಲಿ ಇವತ್ತು ಪಟ್ಟಿಯಲ್ಲಿ ಹೆಸರಿಲ್ಲದ ಮಗನೋ ಮಗಳೋ ಇದ್ದರೆ, ಮೊದಲು ಊಟಕ್ಕೆ ಕರೀರಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.