ಬಿಟ್ಟುಹೋದ ಪುಟಗಳು

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಬಿ.ಎ. ತರಗತಿಯಲ್ಲಿ ಹುಟ್ಟಿನಿಂದಲೇ ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬನಿದ್ದ. ಪಠ್ಯವಾಗಿದ್ದ ಕಾದಂಬರಿಯನ್ನು ಸಂಜೆಯ ಹೊತ್ತು ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಅವನಿಗೆ ಓದಿ ಹೇಳುತ್ತಿದ್ದೆ. ಒಂದು ದಿನ ಗಂಟಲು ಕಟ್ಟಿತ್ತು, ಮನಸ್ಸೂ ದಣಿದಿತ್ತು. ಮಳೆಗಾಲದ ದೀರ್ಘ ವರ್ಣನೆಯೊಂದು ಎದುರಾದಾಗ, ಕಥೆಗೆ ಇದರಿಂದೇನೂ ಕೊರತೆಯಾಗದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ನಾಲ್ಕು ಪುಟಗಳನ್ನು ಸದ್ದಿಲ್ಲದೆ ಮಗುಚಿಬಿಟ್ಟೆ. ವಾರ ಕಳೆದ ಮೇಲೆ ತರಗತಿಯಲ್ಲಿ ಇನ್ನೊಬ್ಬ ಹುಡುಗ ಅದೇ ವರ್ಣನೆಯನ್ನು ಮೆಚ್ಚಿ ಮಾತನಾಡಿದ. ಪಾಠ ಮುಗಿದ ಬಳಿಕ ನನ್ನ ವಿದ್ಯಾರ್ಥಿ ಹತ್ತಿರ ಬಂದು ಮೆಲ್ಲಗೆ ಕೇಳಿದ: “ಸಾರ್, ಆ ಭಾಗ ನಮ್ಮ ಪ್ರತಿಯಲ್ಲಿ ಇರಲಿಲ್ಲವೇ?”

ಆ ಪ್ರಶ್ನೆಯಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ನಾನು ಮಾಡುತ್ತಿರುವುದು ಉಪಕಾರವೆಂದು ತಿಳಿದಿದ್ದೆ. ಉಪಕಾರ ಮಾಡುವವನಿಗೆ ಎಲ್ಲಿ ನಿಲ್ಲಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಅಧಿಕಾರವೂ ತಾನಾಗಿಯೇ ಒದಗಿಬಿಡುತ್ತದೆ ಎಂಬುದು ಅಂದು ಹೊಳೆಯಿತು. ಕಣ್ಣು ಕಳೆದುಕೊಂಡ ಮಹಾಕವಿ ಮಿಲ್ಟನ್ನನಿಗೆ ಅವನ ಹೆಣ್ಣುಮಕ್ಕಳು ತಮಗೆ ಅರ್ಥವಾಗದ ಭಾಷೆಗಳ ಗ್ರಂಥಗಳನ್ನು, ಬರಿಯ ಉಚ್ಚಾರಣೆಯನ್ನು ಕಲಿತು, ಓದಿ ಹೇಳಬೇಕಾಗಿತ್ತೆಂದು ಅವನ ಸೋದರಳಿಯನೇ ಬರೆದಿಟ್ಟಿದ್ದಾನೆ. ಓದುವವರಿಗೆ ಅದು ಶಿಕ್ಷೆ, ಕೇಳುವವನಿಗೆ ಪರಾಧೀನತೆ.

ಈ ಪರಾಧೀನತೆಯಿಂದ ಪಾರಾಗುವ ದಾರಿಯನ್ನು ಫ್ರಾನ್ಸಿನ ಲೂಯಿ ಬ್ರೈಲ್ 1829ರಲ್ಲಿಯೇ ತೋರಿಸಿಕೊಟ್ಟಿದ್ದ. ಆರು ಚುಕ್ಕೆಗಳ ಜೋಡಣೆಯಿಂದ ಅವನು ರೂಪಿಸಿದ ಲಿಪಿ ಬೆರಳಿಗೆ ಕಣ್ಣು ಕೊಟ್ಟಿತು. ನಮ್ಮ ದೇಶದಲ್ಲಿ ಹಲವು ಬಗೆಯ ಬ್ರೈಲ್ ಪದ್ಧತಿಗಳ ಗೊಂದಲವಿದ್ದುದು ನಿವಾರಣೆಯಾಗಿ, 1951ರಲ್ಲಿ ಭಾರತಿ ಬ್ರೈಲ್ ಎಂಬ ಸಾಮಾನ್ಯ ವ್ಯವಸ್ಥೆ ನೆಲೆಗೊಂಡಿತು. ಅದರಲ್ಲಿ ಕನ್ನಡದ ‘ಕ’ಕಾರವೂ ಹಿಂದಿಯ ‘ಕ’ಕಾರವೂ ಬೆರಳ ತುದಿಗೆ ಒಂದೇ ಅಕ್ಷರ.

ಹಾಗಾದರೆ ಆ ಕಾದಂಬರಿಯನ್ನು ಬ್ರೈಲ್‌ಗೆ ಇಳಿಸಿಬಿಡೋಣವೆಂದು ನಾನು ಅಂಧರ ಶಾಲೆಯೊಂದನ್ನು ವಿಚಾರಿಸಿದೆ. ಅಲ್ಲಿ ಬ್ರೈಲ್ ಬಲ್ಲವರಿದ್ದರು, ಕಾಗದವೂ ಇತ್ತು. ಆದರೆ ಗ್ರಂಥಸ್ವಾಮ್ಯ ಹೊಂದಿರುವವರ ಅನುಮತಿ ಬೇಕೆಂದರು. ಅನುಮತಿ ಕೋರಿ ಪ್ರಕಾಶಕರಿಗೆ ಪತ್ರ ಬರೆದೆ, ನೆನಪೋಲೆಯನ್ನೂ ಬರೆದೆ. ಉತ್ತರ ಬರಲಿಲ್ಲ. ಪರೀಕ್ಷೆ ಮುಗಿಯಿತು, ಹುಡುಗ ಪದವಿ ಪಡೆದು ಹೊರಟುಹೋದ. ಅವನ ಓದಿಗೆ ಅಡ್ಡವಾದದ್ದು ಅವನ ಕುರುಡಲ್ಲ, ನಮ್ಮ ಕಾನೂನು ಎಂಬುದನ್ನು ತಿಳಿಯಲು ನನಗೆ ಇಷ್ಟೆಲ್ಲ ಬೇಕಾಯಿತು.

ಗ್ರಂಥಸ್ವಾಮ್ಯದ ಕಾನೂನನ್ನು ನಾನು ಹಳಿಯುತ್ತಿಲ್ಲ. ಬರೆದವನ ದುಡಿಮೆಯನ್ನು ಇತರರು ಕದಿಯದಂತೆ ಕಾಯುವುದು ನ್ಯಾಯವೇ. ಆದರೆ ಈ ಕಾನೂನು ರೂಪುಗೊಂಡಾಗ ಅದರ ಮುಂದಿದ್ದ ಓದುಗನಿಗೆ ಎರಡು ಕಣ್ಣುಗಳಿದ್ದವು. ಅಂಥ ಓದುಗನು ಅಂಗಡಿಗೆ ಹೋಗಿ ಪ್ರತಿಯನ್ನು ಕೊಳ್ಳಬಲ್ಲ. ಕಾಣದವನಿಗೆ ಕೊಳ್ಳಲು ಪ್ರತಿಯೇ ಇಲ್ಲ. ಯಾರಾದರೂ ಅದನ್ನು ಹೊಸದಾಗಿ ಮಾಡಿಕೊಡಬೇಕು. ಹಾಗೆ ಮಾಡುವುದು ಕಾನೂನಿನ ಕಣ್ಣಿಗೆ ನಕಲು!

ದೇಶದ ಗಡಿಯಲ್ಲಂತೂ ಬೀಗ ಇನ್ನೂ ಬಿಗಿ. ಸ್ಪೇನಿನ ಅಂಧರ ಸಂಸ್ಥೆಯ ಬಳಿ ಓದಬಲ್ಲ ರೂಪದ ಪುಸ್ತಕಗಳು ಲಕ್ಷದ ಲೆಕ್ಕದಲ್ಲಿದ್ದವು. ಅದೇ ಭಾಷೆಯನ್ನಾಡುವ ಲ್ಯಾಟಿನ್ ಅಮೆರಿಕದ ಬಡ ದೇಶಗಳ ಅಂಧರಿಗೆ ಅವನ್ನು ಕಳುಹಿಸಲು ಕಾನೂನು ಅಡ್ಡ ಬರುತ್ತಿತ್ತು. ಹ್ಯಾರಿ ಪಾಟರ್ ಕಥೆಯ ಒಂದೇ ಸಂಪುಟವನ್ನು ಇಂಗ್ಲಿಷ್ ಬಳಸುವ ದೇಶಗಳು ಬೇರೆ ಬೇರೆಯಾಗಿ ಬ್ರೈಲ್‌ಗೆ ಇಳಿಸಬೇಕಾಯಿತು. ಮಾಡಿದ ಕೆಲಸವನ್ನೇ ಮತ್ತೆ ಮತ್ತೆ ಮಾಡುವುದರಲ್ಲಿ ಹಣವೂ ಶ್ರಮವೂ ಸವೆದುವು. ವಿಶ್ವ ಅಂಧರ ಒಕ್ಕೂಟ ಈ ಪರಿಸ್ಥಿತಿಗೆ ‘ಪುಸ್ತಕಗಳ ಬರಗಾಲ’ ಎಂದು ಹೆಸರಿಟ್ಟಿತು.

ಅಂಗವಿಕಲರ ವಿಷಯದಲ್ಲಿ ಜಗತ್ತಿನ ದೃಷ್ಟಿ ಬದಲಾದದ್ದು ಬಹು ನಿಧಾನವಾಗಿ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ತೆಗೆದು ನೋಡಿ. ಜನಾಂಗ, ವರ್ಣ, ಲಿಂಗ, ಭಾಷೆ, ಧರ್ಮಗಳ ಕಾರಣದಿಂದ ಭೇದವೆಣಿಸಬಾರದೆನ್ನುವ ವಿಧಿಯಲ್ಲಿ ಅಂಗವಿಕಲತೆಯ ಹೆಸರಿಲ್ಲ. ಅದು ಬರುವುದು ಬಹಳ ಮುಂದೆ, 25ನೆಯ ವಿಧಿಯಲ್ಲಿ. ನಿರುದ್ಯೋಗ, ಕಾಯಿಲೆ, ವೈಧವ್ಯ, ಮುಪ್ಪುಗಳ ಸಾಲಿನಲ್ಲಿ, ಜೀವನಾಧಾರ ತಪ್ಪಿದವರಿಗೆ ಆಸರೆ ಬೇಕೆಂಬ ಮಾತಿನ ಜೊತೆಗೆ. ಆಸರೆ ಕೂಡದೆಂದಲ್ಲ, ಆದರೆ ಅಲ್ಲಿ ಅಂಗವಿಕಲನು ಪಡೆಯುವವನಾಗಿ ಕಾಣುತ್ತಾನೆಯೇ ಹೊರತು ಕೇಳುವವನಾಗಿ ಅಲ್ಲ. 1975ರಲ್ಲಿ ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಘೋಷಣೆಯನ್ನು ಹೊರಡಿಸಿತು; 1981ನ್ನು ಅಂತರರಾಷ್ಟ್ರೀಯ ಅಂಗವಿಕಲರ ವರ್ಷವಾಗಿ ಆಚರಿಸಿತು. ಘೋಷಣೆಗೆ ನೈತಿಕ ತೂಕವುಂಟು, ಸರ್ಕಾರಗಳನ್ನು ಕಟ್ಟಿಹಾಕುವ ಬಲವಿಲ್ಲ.

ಆ ಬಲ ಬಂದದ್ದು 2006ರ ಡಿಸೆಂಬರ್ 13ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯಿಂದ. ಭಾರತ ಮರುವರ್ಷವೇ ಅದನ್ನು ಸ್ಥಿರೀಕರಿಸಿತು. ಅದರ 30ನೆಯ ವಿಧಿ ಸಾಹಿತ್ಯಾಸಕ್ತರೆಲ್ಲರೂ ಗಮನಿಸಬೇಕಾದದ್ದು. ನಾಟಕ, ಸಂಗೀತ, ಪುಸ್ತಕಗಳ ಸುಖವನ್ನು ಅದು ಹಕ್ಕಿನ ಪಂಕ್ತಿಯಲ್ಲಿ ಕೂರಿಸಿತು. ಕೃತಿಸ್ವಾಮ್ಯದ ಕಾನೂನುಗಳು ಆ ಸುಖಕ್ಕೆ ಅಸಮಂಜಸವಾದ ಅಡ್ಡಿಯಾಗಕೂಡದೆಂದು ಸ್ಪಷ್ಟವಾಗಿ ಹೇಳಿತು.

ಈ ಒಂದು ಮಾತಿಗೆ ಕೈಕಾಲು ಮೂಡಿದ್ದು ಮೊರಾಕೋ ದೇಶದ ಮರ್ರಾಕೇಶ್ ನಗರದಲ್ಲಿ. ಬ್ರೆಜಿಲ್, ಈಕ್ವೆಡಾರ್ ಮತ್ತು ಪರಾಗ್ವೆ ದೇಶಗಳು 2009ರಲ್ಲಿ ಮುಂದಿಟ್ಟ ಕರಡು ನಾಲ್ಕು ವರ್ಷ ಚರ್ಚೆಯಲ್ಲಿ ತೊಳಲಿತು. ಇಂದು ಅಂಧರಿಗೆ ಬಾಗಿಲು ತೆರೆದರೆ ನಾಳೆ ಇನ್ನಾರಿಗೋ ತೆರೆಯಬೇಕಾದೀತೆಂದು ಪುಸ್ತಕ, ಚಲನಚಿತ್ರಗಳ ದೊಡ್ಡ ಉದ್ಯಮಿಗಳು ಅಂಜಿದ್ದರು. ಕೊನೆಗೆ 2013ರ ಜೂನ್ 27ರಂದು ಒಪ್ಪಂದವಾಯಿತು. ಒಪ್ಪಂದ ಮಾಡಿಕೊಂಡರೆ ಬಂದು ಹಾಡುತ್ತೇನೆಂದು ಮಾತು ಕೊಟ್ಟಿದ್ದ ಅಮೆರಿಕದ ಅಂಧ ಗಾಯಕ ಸ್ಟೀವಿ ವಂಡರ್ ಅಲ್ಲಿಗೆ ಬಂದು ಹಾಡಿದರು.

ಒಪ್ಪಂದದ ತಿರುಳು ಎರಡೇ ಮಾತು. ಒಂದು, ಸ್ವಾಮ್ಯವುಳ್ಳವರ ಅನುಮತಿಗೆ ಕಾಯದೆ ಪುಸ್ತಕವನ್ನು ಬ್ರೈಲ್, ದೊಡ್ಡಕ್ಷರ, ಧ್ವನಿ ಮುಂತಾದ ರೂಪಗಳಿಗೆ ಇಳಿಸಲು ಪ್ರತಿಯೊಂದು ದೇಶದ ಕಾನೂನೂ ಅವಕಾಶ ಕೊಡಬೇಕು. ಎರಡು, ಹಾಗೆ ಸಿದ್ಧವಾದ ಪ್ರತಿಗಳು ಗಡಿ ದಾಟಿ ಅರ್ಹರಾದ ಓದುಗರನ್ನು ಸೇರಬೇಕು. ಅರ್ಹರೆಂದರೆ ಅಂಧರಷ್ಟೇ ಅಲ್ಲ. ಅಕ್ಷರಗಳು ಕಲಸಿಹೋಗುವ ಓದಿನ ತೊಂದರೆಯುಳ್ಳವರು, ಪುಸ್ತಕ ಹಿಡಿಯಲು ಇಲ್ಲವೆ ಪುಟ ತಿರುವಲು ಕೈಯಲ್ಲಿ ಬಲವಿಲ್ಲದವರು ಕೂಡ. ಇದನ್ನು ಎಲ್ಲ ದೇಶಗಳಿಗಿಂತ ಮೊದಲು, 2014ರ ಜೂನ್‌ನಲ್ಲಿ, ಸ್ಥಿರೀಕರಿಸಿದ್ದು ಭಾರತ. ಇಪ್ಪತ್ತು ದೇಶಗಳು ಸೇರಿದ ಮೇಲೆ, 2016ರ ಸೆಪ್ಟೆಂಬರ್ 30ರಂದು ಒಪ್ಪಂದ ಜಾರಿಗೆ ಬಂತು. ನಮ್ಮ ಗ್ರಂಥಸ್ವಾಮ್ಯ ಕಾಯಿದೆ 2012ರ ತಿದ್ದುಪಡಿಯಲ್ಲಿಯೇ ಈ ದಾರಿಯನ್ನು ತೆರೆದಿತ್ತು: ಲಾಭದಾಸೆಯಿಲ್ಲದ ಸಂಸ್ಥೆಗಳು ತಯಾರಿಕೆಯ ವೆಚ್ಚವನ್ನಷ್ಟೇ ಪಡೆದು ಇಂಥ ಪ್ರತಿಗಳನ್ನು ಅಂಗವಿಕಲರಿಗೆ ಒದಗಿಸಬಹುದು, ಅವು ಸಾಮಾನ್ಯ ಮಾರುಕಟ್ಟೆಗೆ ನುಸುಳದಂತೆ ನೋಡಿಕೊಳ್ಳಬೇಕು. ನಾನು ಉತ್ತರ ಕಾಣದೆ ಕಾದ ಆ ಪತ್ರವನ್ನು ಇಂದು ಬರೆಯುವ ಅಗತ್ಯವೇ ಇಲ್ಲ.

ಆದರೆ ಬೀಗ ತೆಗೆದ ಮಾತ್ರಕ್ಕೆ ಕೋಣೆ ತುಂಬುವುದಿಲ್ಲ. ಇಂದು ಕಂಪ್ಯೂಟರು, ಮೊಬೈಲುಗಳು ಕನ್ನಡವನ್ನು ಗಟ್ಟಿಯಾಗಿ ಓದಬಲ್ಲವು, ಅಕ್ಷರ ಯೂನಿಕೋಡ್‌ನಲ್ಲಿ ಇದ್ದರೆ. ನಮ್ಮಲ್ಲಿ ಎಷ್ಟೋ ಪುಸ್ತಕಗಳು ಅಚ್ಚಿಗಾಗಿ ಹಳೆಯ ಬಗೆಯ ಅಕ್ಷರವಿನ್ಯಾಸಗಳಲ್ಲಿ ಜೋಡಣೆಗೊಂಡಿವೆ. ಕಣ್ಣಿಗೆ ಅವು ಕನ್ನಡ, ಯಂತ್ರದ ಕಿವಿಗೆ ಅರ್ಥವಿಲ್ಲದ ಗುರುತುಗಳು. ಅವನ್ನು ಪರಿವರ್ತಿಸಬೇಕು, ಒತ್ತು, ದೀರ್ಘಗಳನ್ನು ಮೂಲದೊಂದಿಗೆ ಹೋಲಿಸಿ ತಿದ್ದಬೇಕು. ಈ ಕೆಲಸವನ್ನು ಜಿನೀವಾದಲ್ಲಿ ಕುಳಿತವರು ಮಾಡಿಕೊಡಲಾರರು. ಕನ್ನಡದ ಲೇಖಕರು, ಪ್ರಕಾಶಕರು, ಬಿಡುವಿರುವ ಓದುಗರು ಮಾಡಬೇಕು.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿ ದೂರವಾಣಿಯಲ್ಲಿ ಮಾತನಾಡಿದ. ಅವನೂ ಈಗ ಅಧ್ಯಾಪಕ. ಆ ಕಾದಂಬರಿಯನ್ನು ಯಾರೋ ಸ್ವಯಂಸೇವಕರು ಪುಟಪುಟವಾಗಿ ಸಿದ್ಧಪಡಿಸಿದ್ದಾರೆಂದೂ, ತಾನು ಅದನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಓದಿದೆನೆಂದೂ ಹೇಳಿದ. ನಾನು ಅಳುಕುತ್ತಲೇ ಮಳೆಗಾಲದ ಆ ವರ್ಣನೆಯ ಬಗ್ಗೆ ಕೇಳಿದೆ. ಅವನು ನಕ್ಕ.

“ಎರಡು ಸಲ ಓದಿದೆ ಸಾರ್. ನಿಜ ಹೇಳಬೇಕೆಂದರೆ, ಸ್ವಲ್ಪ ಉದ್ದವಾಯಿತು.”